ಹಳೆಯ ಟ್ರ್ಯಾಕ್ಟರಿಗೆ ಎಷ್ಟು ಅಡಿಯ ಸ್ಲ್ಯಾಶರ್?

ಮಳೆ ಹಿಂದೆ ಸರಿದು ಬಿಸಿಲು ಕಾಣಿಸಿಕೊಳ್ಳುವ ಹೊತ್ತಿಗೆ ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರಲ್ಲಿ ಹಲವರು ಕೇಳುವ ಪ್ರಶ್ನೆ ಇದು. ಗೊಬ್ಬರದ ಬಾಕಿ ಕಟ್ಟಿ, ಧಾರಣೆ ವಿಚಾರಿಸಿ, ಹೊರಡುವ ಮುನ್ನ "ಟ್ರ್ಯಾಕ್ಟರಿನ ಹಿಂದೆ ಕಟ್ಟಲು ಒಂದು ಸ್ಲ್ಯಾಶರ್ ತರೋಣ ಅಂತಿದ್ದೇನೆ, ಎಷ್ಟು ಅಡಿಯದು ತರಲಿ?" ಎನ್ನುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ದೊಡ್ಡದಾದಷ್ಟೂ ಕೆಲಸ ಬೇಗ ಮುಗಿಯುತ್ತದೆ, ಆದುದರಿಂದ ಆರು ಅಡಿಯದೋ ಏಳು ಅಡಿಯದೋ ಇರಲಿ ಎಂಬುದು ಆ ಉತ್ತರ. ನಮ್ಮ ಅಭಿಪ್ರಾಯ ಅದಕ್ಕೆ ವಿರುದ್ಧವಾಗಿದೆ. ಅದನ್ನು ಲೆಕ್ಕ ಸಹಿತ ಇಲ್ಲಿ ಸದಸ್ಯರ ಮುಂದಿಡಬಯಸುತ್ತೇವೆ.

ಮೊದಲು ಯಂತ್ರ ಯಾವುದೆಂಬುದು ಸ್ಪಷ್ಟವಾಗಲಿ. ಹೆಸರಿನಲ್ಲಿ 'ರೋಟರಿ' ಎಂದಿರುವುದರಿಂದ ಕೆಲವರು ಸ್ಲ್ಯಾಶರನ್ನೂ ರೋಟವೇಟರನ್ನೂ ಒಂದೇ ಎಂದು ಭಾವಿಸಿರುವುದುಂಟು. ರೋಟವೇಟರ್ ಮಣ್ಣನ್ನು ಕಡಿದು ಪುಡಿ ಮಾಡುವ ಯಂತ್ರ. ಕಾಫಿ, ಅಡಿಕೆ ಎರಡರ ಹೀರುಬೇರುಗಳೂ ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ತೋಟದೊಳಗೆ ಅದಕ್ಕೆ ಕೆಲಸವಿಲ್ಲ. ಸ್ಲ್ಯಾಶರ್ ಮಣ್ಣನ್ನು ಮುಟ್ಟುವುದೇ ಇಲ್ಲ. ಒಂದು ಕಬ್ಬಿಣದ ಮಂಚದಂಥ ಹೊದಿಕೆಯ ಕೆಳಗೆ ಅಡ್ಡಲಾಗಿ ತಿರುಗುವ ಎರಡು ಅಲಗುಗಳು ಹುಲ್ಲನ್ನೂ ಕುರುಚಲನ್ನೂ ನೆಲದಿಂದ ಮೂರು ನಾಲ್ಕು ಅಂಗುಲ ಮೇಲೆ ಕೊಚ್ಚಿ ಅಲ್ಲಿಯೇ ಹರಡುತ್ತವೆ. ಬೇರು ಉಳಿಯುತ್ತದೆ, ಮಣ್ಣಿಗೆ ಮುಚ್ಚಿಗೆಯೂ ಉಳಿಯುತ್ತದೆ. ಜೂನ್ ಜುಲೈ ತಿಂಗಳ ನಮ್ಮ ಮಳೆಗೆ ಮಣ್ಣು ಕೊಚ್ಚಿ ಹೋಗದಿರಬೇಕಾದರೆ ಇದು ಬೇಕಾದ ಗುಣ.

ಇದರ ಅಗತ್ಯ ಏಕೆ ಹೆಚ್ಚಿತೆಂಬುದನ್ನು ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಕಳೆ ಹೊಡೆಯಲು ಆಳು ಸಿಗುತ್ತಿಲ್ಲ. ಸಿಕ್ಕವರನ್ನು ಕೊಯ್ಲಿಗೆ ಉಳಿಸಿಕೊಳ್ಳಬೇಕಾಗಿದೆ. ಕಳೆನಾಶಕದ ಮೇಲೆ ಭಾರ ಹಾಕುವ ಕಾಲವೂ ಬದಲಾಗುತ್ತಿದೆ. ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಪರವಾನಗಿದಾರರ ಮೂಲಕ ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಹೀಗಿರುವಾಗ ಯಂತ್ರದ ಕಡೆಗೆ ನೋಡುವುದು ಸಹಜವೇ. ಯಂತ್ರ ಬೇಕೇ ಬೇಡವೇ ಎಂಬುದು ಇಲ್ಲಿಯ ಚರ್ಚೆಯಲ್ಲ, ಎಷ್ಟು ದೊಡ್ಡದು ಬೇಕು ಎಂಬುದಷ್ಟೇ.

ಟ್ರ್ಯಾಕ್ಟರ್ ಸ್ಲ್ಯಾಶರಿಗೆ ತಕ್ಕ ಸ್ಥಳವೂ ಎಲ್ಲ ಕಡೆ ಇರುವುದಿಲ್ಲ. ಕಾಫಿ ಪಟ್ಟೆಯ ಇಳಿಜಾರಿನಲ್ಲಿ ಗಿಡಗಳ ನಡುವೆ ಅದು ಹೋಗದು. ಮಲೆನಾಡಿನ ಅಡಿಕೆ ತೋಟದಲ್ಲಿ ಸಾಲಿಗೊಂದು ಬಸಿಗಾಲುವೆ ಇರುವುದರಿಂದ ಅಲ್ಲಿಯೂ ಹೋಗದು. ಬಯಲುಸೀಮೆಯ ಒಂಬತ್ತು ಅಡಿ ಅಂತರದ ಅಡಿಕೆಯಲ್ಲಿ ಆರು ಅಡಿ ಅಗಲದ ಯಂತ್ರವನ್ನು ನುಗ್ಗಿಸಿದರೆ ಎರಡೂ ಕಡೆ ಒಂದೂವರೆ ಅಡಿಯಷ್ಟೇ ಉಳಿಯುತ್ತದೆ. ಚಾಲಕ ಒಂದು ಸಲ ಮೈಮರೆತರೆ ಮರದ ಬುಡ ಸೀಳುತ್ತದೆ. ಇಂಥ ಕಡೆಗಳಲ್ಲಿ ಹೆಗಲಿಗೆ ಹಾಕುವ ವೀಡ್ ಕಟರೇ ಸರಿ. ಟ್ರ್ಯಾಕ್ಟರ್ ಸ್ಲ್ಯಾಶರಿಗೆ ಕೆಲಸವಿರುವುದು ಎಸ್ಟೇಟ್ ರಸ್ತೆಯ ಎರಡು ಬದಿ, ಬೇಸಿಗೆಗೆ ಮುನ್ನ ತೋಟದ ಸುತ್ತ ತೆಗೆಯುವ ಬೆಂಕಿ ಗೆರೆ, ಬೇಣ ಮತ್ತು ಬಾಣೆಯ ಹುಲ್ಲು, ಪಾಳು ಬಿದ್ದ ಗದ್ದೆ, ಕಣದ ಸುತ್ತಮುತ್ತ, ಹೊಸದಾಗಿ ಗಿಡ ಹಾಕಲಿರುವ ಬಯಲು ಇವುಗಳಲ್ಲಿ. ಈ ಜಾಗವೆಲ್ಲ ಸೇರಿ ತಮ್ಮ ಹಿಡುವಳಿಯಲ್ಲಿ ಎಷ್ಟು ಎಕರೆ ಇದೆ ಎಂದು ಪ್ರತಿಯೊಬ್ಬರೂ ಒಮ್ಮೆ ಕಾಗದದ ಮೇಲೆ ಬರೆದು ನೋಡಲಿ. ಮುಂದೆ ಇದರ ಲೆಕ್ಕ ಬರುತ್ತದೆ.

ಶಕ್ತಿಯ ಲೆಕ್ಕ

ನಮ್ಮ ಸದಸ್ಯರ ಮನೆಗಳಲ್ಲಿ ಇಂದಿಗೂ ಓಡುತ್ತಿರುವ ಟ್ರ್ಯಾಕ್ಟರುಗಳಲ್ಲಿ ಹಳೆಯವೇ ಹೆಚ್ಚು. 35 ಅಶ್ವಶಕ್ತಿಯ ಮ್ಯಾಸ್ಸಿ ಫರ್ಗ್ಯುಸನ್, ಅಷ್ಟೇ ಶಕ್ತಿಯ ಇಂಟರ್‌ನ್ಯಾಷನಲ್ ಬಿ-275, 25 ಅಶ್ವಶಕ್ತಿಯ ಎಚ್.ಎಂ.ಟಿ. 2511 ಇಂಥವು. ಗಟ್ಟಿ ಯಂತ್ರಗಳು. ಅವನ್ನು ಮಾರಿ ಹೊಸದು ತನ್ನಿ ಎಂದು ನಾವು ಹೇಳುವುದಿಲ್ಲ. ಆದರೆ ಅವುಗಳ ಬಲ ಎಷ್ಟೆಂದು ತಿಳಿದು ಕೆಲಸ ಹೇಳಬೇಕು.

ಪುಸ್ತಕದಲ್ಲಿ ಬರೆದಿರುವ 35 ಎಚ್.ಪಿ. ಎಂಬುದು ಎಂಜಿನ್ನಿನ ಶಕ್ತಿ. ಸ್ಲ್ಯಾಶರನ್ನು ತಿರುಗಿಸುವುದು ಹಿಂಬದಿಯ ಪಿ.ಟಿ.ಓ. ಶಾಫ್ಟು. ಅಲ್ಲಿಗೆ ತಲುಪುವ ಹೊತ್ತಿಗೆ ಅದರಲ್ಲಿ ನೂರಕ್ಕೆ 85 ಭಾಗದಷ್ಟು ಉಳಿಯುತ್ತದೆಂದು ಸಾಮಾನ್ಯವಾಗಿ ಲೆಕ್ಕ ಹಾಕುವುದು ವಾಡಿಕೆ. ಎಂದರೆ 30 ಎಚ್.ಪಿ. ಅದು ಹೊಸ ಟ್ರ್ಯಾಕ್ಟರಿನ ಮಾತು. ಮೂವತ್ತು ನಲವತ್ತು ವರ್ಷ ದುಡಿದ ಎಂಜಿನ್ನಿನ ಪಿಸ್ಟನ್ ರಿಂಗು, ನಾಜಲ್, ಪಂಪು ಮೊದಲಿನಂತಿರುವುದಿಲ್ಲ. ಅದರ ಮೇಲೆ ನಮ್ಮ ನೆಲ ಏರುತಗ್ಗಿನದು. ಟ್ರ್ಯಾಕ್ಟರು ತನ್ನನ್ನು ತಾನು ಏರಿಸಿಕೊಳ್ಳಲೂ ಶಕ್ತಿ ಬೇಕು. ಆದುದರಿಂದ ಇನ್ನೂ ಐದನೆಯ ಒಂದು ಭಾಗ ಕಳೆಯುವುದು ವಿವೇಕ. ಕೈಯಲ್ಲಿ ಉಳಿಯುವುದು 24 ಎಚ್.ಪಿ.

ಸ್ಲ್ಯಾಶರಿನ ಒಂದು ಅಡಿ ಅಗಲಕ್ಕೆ ಪಿ.ಟಿ.ಓ.ದಲ್ಲಿ ಕನಿಷ್ಠ 5 ಎಚ್.ಪಿ. ಬೇಕೆಂಬುದು ಬಹುಕಾಲದಿಂದ ನಡೆದುಬಂದಿರುವ ಅಂದಾಜು. 24ನ್ನು 5ರಿಂದ ಭಾಗಿಸಿದರೆ 4.8. ಹಾಗಾಗಿ 35 ಎಚ್.ಪಿ.ಯ ಹಳೆಯ ಟ್ರ್ಯಾಕ್ಟರಿಗೆ ಐದು ಅಡಿಯೇ ಗಡಿ. ಇದೇ ರೀತಿ ಲೆಕ್ಕ ಹಾಕಿದರೆ 25 ಎಚ್.ಪಿ.ಯದಕ್ಕೆ ಮೂರೂವರೆ ಅಡಿ ಬರುತ್ತದೆ. ಬರಿ ಹುಲ್ಲಾದರೆ ನಾಲ್ಕು ಅಡಿಯದನ್ನು ನಿಧಾನವಾಗಿ ನಡೆಸಬಹುದು. 50 ಎಚ್.ಪಿ. ಇದ್ದರೆ ಆರು ಅಡಿ ನಿಶ್ಚಿಂತೆಯಿಂದ ನಡೆಯುತ್ತದೆ.

ಈ 5 ಎಚ್.ಪಿ. ಎಂಬುದು ಮೊಣಕಾಲೆತ್ತರದ ಹುಲ್ಲಿಗೆ. ಎರಡು ವರ್ಷ ಕೈ ಹಾಕದೆ ಬಿಟ್ಟ ಬೇಣದಲ್ಲಿ ಲಂಟಾನ, ಯುಪಟೋರಿಯಂ ಎದೆಯುದ್ದ ಬೆಳೆದು ಕಾಂಡ ಹೆಬ್ಬೆರಳ ಗಾತ್ರವಾಗಿದ್ದರೆ ಅಡಿಗೆ 7 ಎಚ್.ಪಿ. ಎಂದು ಹಿಡಿಯಬೇಕು. ಆಗ ಅದೇ 35 ಎಚ್.ಪಿ.ಗೆ ದಕ್ಕುವುದು ಮೂರೂವರೆ ಅಡಿ ಅಷ್ಟೆ. ಹೀಗೆಂದು ಎರಡು ಸ್ಲ್ಯಾಶರ್ ಕೊಳ್ಳಬೇಕಾಗಿಲ್ಲ. ಐದು ಅಡಿಯದರಲ್ಲೇ ಅರ್ಧ ಅಗಲ ಮಾತ್ರ ಪೊದೆಗೆ ಹಿಡಿಸಿ, ಉಳಿದರ್ಧ ಕೊಚ್ಚಿದ ಜಾಗದ ಮೇಲೆ ಬರುವಂತೆ ನಡೆಸಿದರೆ ಆಯಿತು.

ದೊಡ್ಡದು ಹೆಚ್ಚು ಕೊಚ್ಚುತ್ತದೆಯೇ?

"ಸ್ವಲ್ಪ ಎಳೆಯಲಿ ಬಿಡಿ, ಆರು ಅಡಿ ಆರು ಅಡಿಯೇ" ಎನ್ನುವವರಿಗೆ ಈ ಲೆಕ್ಕ. ಐದು ಅಡಿಯ, ಅಂದರೆ ಒಂದೂವರೆ ಮೀಟರ್ ಅಗಲದ ಯಂತ್ರ ಗಂಟೆಗೆ 4 ಕಿ.ಮೀ. ವೇಗದಲ್ಲಿ ನಡೆದರೆ ಗಂಟೆಗೆ 6,000 ಚದರ ಮೀಟರ್. ತಿರುಗಿಸುವುದಕ್ಕೆ, ಪಟ್ಟಿಯ ಮೇಲೆ ಪಟ್ಟಿ ಹಾಯಿಸುವುದಕ್ಕೆ ಐದರಲ್ಲಿ ಒಂದು ಭಾಗ ಕಳೆದರೆ 4,800. ಅದು ಸುಮಾರು ಒಂದು ಎಕರೆ ಎಂಟು ಗುಂಟೆ. ಈಗ ಅದೇ ಟ್ರ್ಯಾಕ್ಟರಿಗೆ ಆರು ಅಡಿಯದನ್ನು ಕಟ್ಟಿ. ದಟ್ಟ ಹುಲ್ಲಿಗೆ ಸಿಕ್ಕಿದೊಡನೆ ಎಂಜಿನ್ ಕುಗ್ಗುತ್ತದೆ. ಚಾಲಕ ಗೇರು ಇಳಿಸಿ ಗಂಟೆಗೆ ಎರಡೂವರೆ ಕಿ.ಮೀ.ಗೆ ಬರುತ್ತಾನೆ. ಆಗ ಆಗುವ ಕೆಲಸ 3,600 ಚದರ ಮೀಟರ್, ಒಂದು ಎಕರೆಯೂ ತುಂಬುವುದಿಲ್ಲ. ಹೆಚ್ಚು ಹಣ ಕೊಟ್ಟು, ಹೆಚ್ಚು ಡೀಸೆಲ್ ಸುಟ್ಟು, ಕಡಿಮೆ ಕೆಲಸ.

ಇನ್ನೊಂದು ಮಾತೂ ಇದೆ. ಪಿ.ಟಿ.ಓ. ನಿಮಿಷಕ್ಕೆ 540 ಸುತ್ತು ತಿರುಗುವಾಗ ಮಾತ್ರ ಸ್ಲ್ಯಾಶರಿನ ಅಲಗು ಹುಲ್ಲನ್ನು ಕತ್ತರಿಸುತ್ತದೆ. ಸುತ್ತು ಇಳಿದರೆ ಕತ್ತರಿಸುವ ಬದಲು ಜಜ್ಜಿ ಮಲಗಿಸುತ್ತದೆ. ಮಲಗಿದ ಹುಲ್ಲು ನಾಲ್ಕು ದಿನಕ್ಕೆ ಎದ್ದು ನಿಲ್ಲುತ್ತದೆ, ಬೆಂಕಿ ಗೆರೆಯೆಂದು ನಂಬಿದ್ದ ಪಟ್ಟಿ ಗೆರೆಯಾಗಿ ಉಳಿಯುವುದಿಲ್ಲ. ಆದ್ದರಿಂದ ವೇಗವನ್ನು ಆಕ್ಸಿಲರೇಟರಿನಿಂದ ಇಳಿಸುವಂತಿಲ್ಲ, ಗೇರಿನಿಂದಲೇ ಇಳಿಸಬೇಕು. ಹಳೆಯ ಟ್ರ್ಯಾಕ್ಟರುಗಳಲ್ಲಿ ಗೇರುಗಳೇ ಕಡಿಮೆ. ಮೊದಲನೆಯ ಗೇರಿನಲ್ಲೂ ಎಂಜಿನ್ ಕುಗ್ಗಿದರೆ ಅದಕ್ಕಿಂತ ಕೆಳಗೆ ಇಳಿಯುವ ದಾರಿ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಟ್ರ್ಯಾಕ್ಟರಿಗೂ ಸಲ್ಲುತ್ತದೆ.

ಟಯರಿನ ಅಳತೆ

ಹಾಗಾದರೆ ಚಿಕ್ಕದಾದಷ್ಟೂ ಒಳ್ಳೆಯದೇ? ಹಾಗೂ ಅಲ್ಲ. ಹಿಂದಿನ ಎರಡು ದೊಡ್ಡ ಟಯರುಗಳು ಸ್ಲ್ಯಾಶರಿಗಿಂತ ಮುಂದೆ ಹೋಗಿ ಹುಲ್ಲನ್ನು ತುಳಿಯುತ್ತವೆ. ಅಲಗು ಟಯರಿನ ಜಾಡನ್ನು ಮುಟ್ಟದೆ ಹೋದರೆ ತುಳಿದ ಹುಲ್ಲು ಎರಡು ಗೆರೆಯಾಗಿ ಉಳಿದುಬಿಡುತ್ತದೆ. ಆದುದರಿಂದ ಕೊಳ್ಳುವ ಮುನ್ನ ಟೇಪು ಹಿಡಿದು ಹಿಂದಿನ ಒಂದು ಟಯರಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿನವರೆಗೆ ಅಳೆಯಬೇಕು. 64 ಅಂಗುಲ ಬಂದಿತೆಂದಿಟ್ಟುಕೊಳ್ಳೋಣ. ಐದು ಅಡಿ ಎಂದರೆ 60 ಅಂಗುಲ. ಕಡೆಗೆ ಎರಡೆರಡು ಅಂಗುಲ ಕೊರತೆ. ಮುಂದಿನ ಪಟ್ಟಿಯನ್ನು ಸ್ವಲ್ಪ ಒಳಗೆ ಹಾಯಿಸಿದರೆ ಅದು ಸರಿಹೋಗುತ್ತದೆ. ನಾಲ್ಕು ಅಡಿಯದಾದರೆ ಕಡೆಗೆ ಎಂಟು ಅಂಗುಲ ಉಳಿಯುತ್ತದೆ. ಶಕ್ತಿಯ ಲೆಕ್ಕದಿಂದ ನಾಲ್ಕು ಅಡಿಯದನ್ನೇ ತೆಗೆದುಕೊಳ್ಳಬೇಕಾದವರು ಒಂದು ಪಕ್ಕಕ್ಕೆ ಸರಿಸಿ ಕಟ್ಟಲು ಬರುವಂಥದನ್ನು ಆರಿಸಲಿ. ಬಲಕ್ಕೆ ಸರಿಸಿ ಬಲಗಾಲಿಯ ಜಾಡನ್ನು ಮುಚ್ಚಿ, ಎಡಗಾಲಿಯನ್ನು ಆಗಲೇ ಕೊಚ್ಚಿದ ಪಟ್ಟಿಯ ಮೇಲೆ ಓಡಿಸಿದರೆ ಗೆರೆ ಉಳಿಯುವುದಿಲ್ಲ.

ಗಾಲಿಗಳನ್ನೇ ಒಳಗೆ ಸರಿಸಿ ಟ್ರ್ಯಾಕ್ಟರನ್ನು ಕಿರಿದು ಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಬಯಲುಸೀಮೆಯ ಸಮನೆಲದಲ್ಲಿ ಮಾಡಿಕೊಳ್ಳಲಿ. ನಮ್ಮ ಇಳಿಜಾರಿನಲ್ಲಿ ಗಾಲಿಗಳ ನಡುವಿನ ಅಂತರವೇ ಟ್ರ್ಯಾಕ್ಟರು ಮಗುಚದಂತೆ ಕಾಯುವುದು. ಎರಡು ಗೆರೆ ಹುಲ್ಲಿಗಾಗಿ ಅದನ್ನು ಬಿಟ್ಟುಕೊಡುವುದು ತರವಲ್ಲ.

ತೂಕ ಮತ್ತು ಮುಂಗಾಲಿ

ಸ್ಲ್ಯಾಶರ್ ಹಿಂದೆ ಮೂರು ಕೊಂಡಿಗಳ ಮೇಲೆ ತೂಗುತ್ತದೆ. ಎತ್ತಿ ಹಿಡಿದಾಗ ಅದು ಸನ್ನೆಕೋಲಿನಂತೆ ಮುಂಭಾಗವನ್ನು ಮೇಲೆತ್ತುತ್ತದೆ. ಮುಂದಿನ ಹಾಗೂ ಹಿಂದಿನ ಗಾಲಿಗಳ ಅಚ್ಚುಗಳ ನಡುವೆ ಆರು ಅಡಿ ಇರುವ ಟ್ರ್ಯಾಕ್ಟರಿಗೆ 300 ಕಿಲೋದ ಸ್ಲ್ಯಾಶರ್ ಕಟ್ಟಿ, ಅದರ ಭಾರದ ನಡುಬಿಂದು ಹಿಂದಿನ ಅಚ್ಚಿನಿಂದ ಐದು ಅಡಿ ಹಿಂದೆ ಬಿದ್ದರೆ, ಮುಂಗಾಲಿಗಳ ಮೇಲಿನ 250 ಕಿಲೋ ಭಾರ ಮಾಯವಾಗುತ್ತದೆ. ಯಂತ್ರ 450 ಕಿಲೋದ್ದಾಗಿ, ಉದ್ದವೂ ಹೆಚ್ಚಾಗಿ ಐದೂವರೆ ಅಡಿ ಹಿಂದೆ ಬಿದ್ದರೆ 400 ಕಿಲೋಗೂ ಹೆಚ್ಚು. ಮುಂಗಾಲಿಯ ಮೇಲೆ ಟ್ರ್ಯಾಕ್ಟರಿನ ತೂಕದ ಐದನೆಯ ಒಂದು ಭಾಗವಾದರೂ ಉಳಿಯಬೇಕೆಂಬುದು ನಿಯಮ. ಅದಕ್ಕಿಂತ ಕಡಿಮೆಯಾದರೆ ಸ್ಟೇರಿಂಗ್ ತಿರುಗಿಸಿದರೂ ಟ್ರ್ಯಾಕ್ಟರು ತಿರುಗುವುದಿಲ್ಲ. ತೋಟದ ರಸ್ತೆಯ ಏರು ತಿರುವಿನಲ್ಲಿ, ಒಂದು ಕಡೆ ಧರೆ ಮತ್ತೊಂದು ಕಡೆ ಕೊರಕಲು ಇರುವಲ್ಲಿ, ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಅಡಿಯ ಲೆಕ್ಕದಷ್ಟೇ ಕಿಲೋದ ಲೆಕ್ಕವೂ ಮುಖ್ಯ. ಅಂಗಡಿಯಲ್ಲಿ ಯಂತ್ರದ ತೂಕ ಕೇಳಿ. ಲಿಫ್ಟು ಎತ್ತುತ್ತದೆ ಎಂದಾಕ್ಷಣ ಟ್ರ್ಯಾಕ್ಟರು ತಾಳುತ್ತದೆ ಎಂದು ಭಾವಿಸಬಾರದು. ಮುಂದೆ ತೂಕದ ಕಬ್ಬಿಣ ಕಟ್ಟಿಸಬಹುದು. ದಾರಿಯಲ್ಲಿ ಹೋಗುವಾಗ ಸ್ಲ್ಯಾಶರನ್ನು ನೆಲದಿಂದ ಅರ್ಧ ಅಡಿ, ಮುಕ್ಕಾಲು ಅಡಿಗಿಂತ ಮೇಲೆ ಎತ್ತದಿರುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾದದ್ದು

ಇದುವರೆಗೆ ಹೇಳಿದ್ದು ಹಣದ, ಕೆಲಸದ ಮಾತು. ಈಗ ಹೇಳುವುದು ಪ್ರಾಣದ ಮಾತು. ಸದಸ್ಯರು ಉಳಿದುದನ್ನು ಮರೆತರೂ ಇದನ್ನು ಮರೆಯಬಾರದು.

ಹೊಸ ಟ್ರ್ಯಾಕ್ಟರುಗಳಲ್ಲಿ ಎರಡು ಹಂತದ ಕ್ಲಚ್ಚು ಇರುತ್ತದೆ, ಇಲ್ಲವೇ ಪಿ.ಟಿ.ಓ.ಗೆ ಪ್ರತ್ಯೇಕ ಕ್ಲಚ್ಚೇ ಇರುತ್ತದೆ. ಹಳೆಯವುಗಳಲ್ಲಿ ಹಲವಕ್ಕೆ ಇರುವುದು ಒಂದೇ ಕ್ಲಚ್ಚು. ಗಾಲಿಗೆ ಹೋಗುವ ಗೇರುಪೆಟ್ಟಿಗೆಯೂ ಪಿ.ಟಿ.ಓ.ವೂ ಅದರ ಹಿಂದೆ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ಕ್ಲಚ್ಚು ತುಳಿದಾಗ ಎಂಜಿನ್ನಿನಿಂದ ಎರಡೂ ಬಿಡುತ್ತವೆ ನಿಜ, ಆದರೆ ತಮ್ಮತಮ್ಮಲ್ಲಿ ಬಿಡುವುದಿಲ್ಲ. ಸ್ಲ್ಯಾಶರಿನ ಭಾರವಾದ ಅಲಗು ರಭಸದಿಂದ ತಿರುಗುತ್ತಲೇ ಇರುತ್ತದೆ. ಆ ರಭಸ ಪಿ.ಟಿ.ಓ. ಮೂಲಕ ಹಿಂದಕ್ಕೆ ಬಂದು ಗೇರುಪೆಟ್ಟಿಗೆಯನ್ನು ತಿರುಗಿಸಿ ಟ್ರ್ಯಾಕ್ಟರನ್ನು ಮುಂದೆ ತಳ್ಳುತ್ತದೆ. ಚಾಲಕ ಕ್ಲಚ್ಚು ತುಳಿದಿದ್ದಾನೆ, ಬ್ರೇಕು ತುಳಿದಿದ್ದಾನೆ, ಆದರೂ ಟ್ರ್ಯಾಕ್ಟರು ಹತ್ತಾರು ಅಡಿ ಮುಂದೆ ಹೋಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ. ಮುಂದೆ ಇರುವುದು ಬೇಲಿಯಾದರೆ ಬೇಲಿ, ಕೆರೆಯಾದರೆ ಕೆರೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಪಿ.ಟಿ.ಓ. ಶಾಫ್ಟಿನ ತುದಿಗೆ ಹಾಕುವ ಓವರ್‌ರನ್ ಕ್ಲಚ್ಚೆಂಬ ಸಣ್ಣ ಜೋಡಣೆ ಇದೆ. ಸೈಕಲ್ಲಿನ ಫ್ರೀವೀಲಿನ ಕೆಲಸವನ್ನೇ ಅದು ಮಾಡುತ್ತದೆ. ಪೆಡಲು ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ ಚಕ್ರ ತನ್ನ ಪಾಡಿಗೆ ತಿರುಗುತ್ತದೆ, ಪೆಡಲನ್ನು ಎಳೆದುಕೊಂಡು ಹೋಗುವುದಿಲ್ಲ. ಹಾಗೆಯೇ ಅಲಗು ತನ್ನ ಪಾಡಿಗೆ ತಿರುಗಿ ನಿಲ್ಲುತ್ತದೆ, ಟ್ರ್ಯಾಕ್ಟರನ್ನು ತಳ್ಳುವುದಿಲ್ಲ. ಒಂದೇ ಕ್ಲಚ್ಚಿನ ಟ್ರ್ಯಾಕ್ಟರಿಗೆ ಇದಿಲ್ಲದೆ ಯಾವ ಅಳತೆಯ ಸ್ಲ್ಯಾಶರನ್ನೂ ಕಟ್ಟಕೂಡದು ಎಂಬುದು ನಮ್ಮ ದೃಢ ಅಭಿಪ್ರಾಯ. ಅಲಗು ದೊಡ್ಡದಾದಷ್ಟೂ ತಳ್ಳುವ ರಭಸ ಹೆಚ್ಚು. ಅಳತೆ ಮೀರಿದ ಯಂತ್ರ ಬೇಡವೆನ್ನಲು ಇದೂ ಒಂದು ಕಾರಣ.

ಈ ಜೋಡಣೆ ಹಾಕಿದಾಗ ಶಾಫ್ಟು ಮೂರು ನಾಲ್ಕು ಅಂಗುಲ ಉದ್ದವಾಗುತ್ತದೆಂಬುದನ್ನು ಗಮನಿಸಬೇಕು. ಲಿಫ್ಟು ಎತ್ತಿ ಇಳಿಸಿ ನೋಡಿ, ಶಾಫ್ಟಿನ ಎರಡು ಕೊಳವೆಗಳು ಅತಿ ಹತ್ತಿರ ಬಂದಾಗಲೂ ಒಂದಂಗುಲ ಬಿಡುವು ಇರುವಂತೆ ಕತ್ತರಿಸಿ ಸರಿಪಡಿಸಬೇಕು. ಇಲ್ಲದಿದ್ದರೆ ಶಾಫ್ಟು ಗುದ್ದಿ ಪಿ.ಟಿ.ಓ. ಬೇರಿಂಗನ್ನೇ ಒಡೆಯುತ್ತದೆ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಹಳೆಯ ಬೂದುಬಣ್ಣದ ಫರ್ಗ್ಯುಸನ್ ಯಾರ ಬಳಿಯಾದರೂ ಇದ್ದರೆ ಅದರ ಶಾಫ್ಟು ಒಂದೂ ಎಂಟನೆಯ ಒಂದು ಅಂಗುಲದ್ದು, ಈಗಿನ ಸ್ಲ್ಯಾಶರುಗಳದು ಒಂದೂ ಎಂಟನೆಯ ಮೂರು ಅಂಗುಲದ್ದು. ಅದಕ್ಕೆ ಬೇರೆ ಅಡಾಪ್ಟರು ಬೇಕು.

ಕಲ್ಲಿಗೋ ಬೊಡ್ಡೆಗೋ ಅಲಗು ತಗಲಿದಾಗ ಮುರಿಯಬೇಕಾದದ್ದು ಶಿಯರ್ ಬೋಲ್ಟು, ಜಾರಬೇಕಾದದ್ದು ಸ್ಲಿಪ್ ಕ್ಲಚ್ಚು. ಬೋಲ್ಟು ಪದೇ ಪದೇ ಮುರಿಯುತ್ತದೆಂದು ಗಟ್ಟಿ ಉಕ್ಕಿನ ಬೋಲ್ಟು ಹಾಕುವ ಜಾಣ್ಮೆ ಕೆಲವು ಕಡೆ ಕಾಣುತ್ತದೆ. ಮೂವತ್ತು ರೂಪಾಯಿಯ ಬೋಲ್ಟನ್ನು ಉಳಿಸಿ ಟ್ರ್ಯಾಕ್ಟರಿನ ಗೇರುಪೆಟ್ಟಿಗೆಯನ್ನು ಮುರಿದುಕೊಳ್ಳುವ ಜಾಣ್ಮೆ ಅದು. ಪಿಂಜೋರಿನ ಎಚ್.ಎಂ.ಟಿ. ಟ್ರ್ಯಾಕ್ಟರ್ ಕಾರ್ಖಾನೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ತಯಾರಿಕೆ ನಿಂತ ಟ್ರ್ಯಾಕ್ಟರುಗಳ ಬಿಡಿಭಾಗಕ್ಕೆ ಅಲೆಯುವುದು ಎಂಥದೆಂದು ಅವುಗಳ ಮಾಲೀಕರೇ ಹೇಳಬಲ್ಲರು.

ಸಿಡಿಯುವ ಕಲ್ಲಿನ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಸ್ಲ್ಯಾಶರಿನ ಗೇರುಪೆಟ್ಟಿಗೆ 540 ಸುತ್ತನ್ನು ಸಾವಿರಕ್ಕೆ ಏರಿಸಿದರೆ ಐದು ಅಡಿಯ ಯಂತ್ರದ ಅಲಗಿನ ತುದಿ ಗಂಟೆಗೆ 280 ಕಿ.ಮೀ. ಸಮೀಪದ ವೇಗದಲ್ಲಿ ಓಡುತ್ತದೆ. ಅದಕ್ಕೆ ಸಿಕ್ಕ ಜಂಬಿಟ್ಟಿಗೆಯ ಚೂರು, ಹಳೆಯ ಬೇಲಿ ತಂತಿಯ ತುಂಡು ಕೋವಿಯ ಗುಂಡಿನಂತೆ ಸಿಡಿಯುತ್ತದೆ. ಯಂತ್ರದ ಹಿಂದೆ ಮುಂದೆ ಸರಪಳಿಯ ಪರದೆ ಇರಲೇಬೇಕು. ಪಿ.ಟಿ.ಓ. ಶಾಫ್ಟಿಗೆ ಪ್ಲಾಸ್ಟಿಕ್ ಕವಚ ಇರಲೇಬೇಕು. ಪಂಚೆಯ ತುದಿ, ಟವೆಲ್ಲಿನ ತುದಿ ಅದಕ್ಕೆ ಸಿಕ್ಕರೆ ಬಿಡಿಸಿಕೊಳ್ಳುವಷ್ಟು ಸಮಯವನ್ನು ಅದು ಕೊಡುವುದಿಲ್ಲ. ಕೊಚ್ಚುವ ಮುನ್ನ ಒಬ್ಬರು ಜಾಗವನ್ನು ನಡೆದು ನೋಡಿ ಕಲ್ಲು, ತಂತಿ ಆರಿಸಬೇಕು. ಸುತ್ತ ನೂರು ಗಜದೊಳಗೆ ಯಾರೂ ಇರಬಾರದು. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಇದೆ. ಸ್ಲ್ಯಾಶರ್ ಕಟ್ಟಿದ ದಿನ ಅದು ಖಂಡಿತ ಕೂಡದು. ಕಡಿದಾದ ಜಾಗದಲ್ಲಿ ಅಡ್ಡಡ್ಡ ಓಡಿಸದೆ ನೇರ ಕೆಳಗೆ ಇಳಿಯುತ್ತ ಕೊಚ್ಚಬೇಕು. ಮೇಲಕ್ಕೆ ಹೋಗಲು ರಸ್ತೆಯನ್ನೇ ಬಳಸಬೇಕು. ಹಾಗೆ ಇಳಿಯಲೂ ಚಾಲಕ ಹಿಂಜರಿದರೆ ಅವನ ಮಾತನ್ನು ಕೇಳಬೇಕು. ಅಷ್ಟು ಜಾಗ ವೀಡ್ ಕಟರಿಗೆ ಬಿಟ್ಟರೆ ನಷ್ಟವೇನಿಲ್ಲ.

ಸಂಘ ಏನು ಮಾಡಬೇಕು?

ಕೃಷಿ ಯಾಂತ್ರೀಕರಣದ ಉಪ ಅಭಿಯಾನ 2014-15ರಲ್ಲಿ ಆರಂಭವಾದ ಮೇಲೆ ಯಂತ್ರಗಳಿಗೆ ಸಹಾಯಧನ ದೊರೆಯುವ ದಾರಿ ವಿಸ್ತಾರವಾಗಿದೆ. ಇದು ಸ್ವಾಗತಾರ್ಹ. ಆದರೆ ಸಹಾಯಧನ ಸಿಗುತ್ತದೆಂಬ ಒಂದೇ ಕಾರಣಕ್ಕೆ ದೊಡ್ಡ ಯಂತ್ರಕ್ಕೆ ಕೈ ಹಾಕುವ ಪ್ರವೃತ್ತಿಯೂ ಅದರ ಜೊತೆಗೆ ಬೆಳೆದಿದೆ. ಸರ್ಕಾರ ಬೆಲೆಯ ಒಂದು ಪಾಲು ಕೊಟ್ಟೀತು, ಟ್ರ್ಯಾಕ್ಟರಿಗೆ ಅಶ್ವಶಕ್ತಿಯನ್ನು ಕೊಡಲಾರದು.

ಮೇಲೆ ಹೇಳಿದ ಎಕರೆಯ ಲೆಕ್ಕಕ್ಕೆ ಬರೋಣ. ಸ್ಲ್ಯಾಶರ್ ಓಡುವಂಥ ಜಾಗ ಒಬ್ಬ ಸದಸ್ಯರಲ್ಲಿ ಐದು ಎಕರೆ ಇದೆ, ವರ್ಷಕ್ಕೆ ಎರಡು ಬಾರಿ ಕೊಚ್ಚುತ್ತಾರೆ ಎಂದಿಟ್ಟುಕೊಂಡರೆ ಒಟ್ಟು ಹತ್ತು ಎಕರೆ. ಐದು ಅಡಿಯ ಯಂತ್ರಕ್ಕೆ ಅದು ಎಂಟೊಂಬತ್ತು ಗಂಟೆಯ ಕೆಲಸ. ಇಡೀ ವರ್ಷದಲ್ಲಿ ಒಂದು ದಿನ ಓಡುವ ಯಂತ್ರ ಉಳಿದ ದಿನವೆಲ್ಲ ಕೊಟ್ಟಿಗೆಯ ಮೂಲೆಯಲ್ಲಿ ನಮ್ಮ ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯುತ್ತದೆ. ಹತ್ತು ಮನೆಯಲ್ಲಿ ಹತ್ತು ಸ್ಲ್ಯಾಶರ್ ತುಕ್ಕು ಹಿಡಿಯುವ ಬದಲು ಸಂಘದಲ್ಲಿ ಒಂದಿದ್ದು ಹತ್ತು ಮನೆಗೆ ಓಡಿದರೆ ಸಾಲದೇ? ಸಹಕಾರ ಎಂಬ ಮಾತಿಗೆ ಇದಕ್ಕಿಂತ ಸರಳವಾದ ಅರ್ಥ ನಮಗೆ ತೋಚುವುದಿಲ್ಲ.

ಎಲ್ಲರಿಗೂ ಅದೇ ಹದಿನೈದು ದಿನದಲ್ಲಿ ಬೇಕಾಗುತ್ತದೆ ಎಂಬ ಆಕ್ಷೇಪಣೆ ಬರುವುದು ನಿಶ್ಚಯ. ಅದು ಪೂರ್ತಿ ಸರಿಯಲ್ಲ. ಕೊಯ್ಲಿಗೆ ಮುನ್ನ ರಸ್ತೆ ಬದಿ, ಹುಲ್ಲು ಬೀಜ ಕಟ್ಟುವ ಮುನ್ನ ಬೇಣ, ಬೇಸಿಗೆ ಬಲಿಯುವ ಮುನ್ನ ಬೆಂಕಿ ಗೆರೆ ಎಂದು ಕೆಲಸ ಹಲವು ತಿಂಗಳಿಗೆ ಹಂಚಿಹೋಗಿದೆ. ಊರಿಗೊಂದರಂತೆ ಸರದಿ ಬರೆದು ಗೋಡೆಗೆ ಅಂಟಿಸಿದರೆ ಇದು ನಡೆಯುತ್ತದೆ. ಗದ್ದೆಗೆ ಮುಯ್ಯಾಳು ಕಟ್ಟಿ ನಾಟಿ ಮಾಡಿದ ಜನರಿಗೆ ಸರದಿ ಹೊಸದಲ್ಲ.

ಇನ್ನು ಕೆಲವರು, ಸಂಘ ಕೊಳ್ಳುವುದಾದರೆ ಏಳು ಅಡಿಯದನ್ನೇ ಕೊಳ್ಳಲಿ, ನಾಳೆ ಎಲ್ಲರೂ ದೊಡ್ಡ ಟ್ರ್ಯಾಕ್ಟರ್ ತಂದಾರು ಎನ್ನುತ್ತಾರೆ. ಸಂಘದ ಯಂತ್ರ ಸದಸ್ಯರಲ್ಲಿ ಇಂದು ಇರುವ ಟ್ರ್ಯಾಕ್ಟರಿಗೆ ತಗಲುವಂತಿರಬೇಕು. ದೊಡ್ಡ ಯಂತ್ರ ತಂದರೆ ಅದನ್ನು ಎಳೆಯಬಲ್ಲ ನಾಲ್ಕಾರು ಮಂದಿಗೆ ಅದು ಸಲ್ಲುತ್ತದೆ. ಉಳಿದವರ ಷೇರು ಹಣದಿಂದ ಅವರಿಗೆ ಅನುಕೂಲ ಮಾಡಿಕೊಟ್ಟಂತಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಬಾಡಿಗೆಗೆ ಸಿಗುತ್ತದೆಂದು ಸಣ್ಣ ಟ್ರ್ಯಾಕ್ಟರಿನವರೂ ಅದನ್ನೇ ಕಟ್ಟಿಕೊಂಡು ಹೋಗುವುದು.

ಆದುದರಿಂದ ಆಡಳಿತ ಮಂಡಳಿಯ ಮುಂದೆ ನಮ್ಮ ಸಲಹೆ ಇಷ್ಟು. ಐದು ಅಡಿಯ ಒಂದು ಸ್ಲ್ಯಾಶರನ್ನು ಸ್ಲಿಪ್ ಕ್ಲಚ್ಚು, ಓವರ್‌ರನ್ ಕ್ಲಚ್ಚು, ಸರಪಳಿ ಪರದೆ, ಶಾಫ್ಟಿನ ಕವಚ ಇವಿಷ್ಟೂ ಸಮೇತ ಕೊಂಡು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಇಡಬೇಕು. ಒಂದು ಪುಸ್ತಕವಿಟ್ಟು ಪ್ರತಿ ಸದಸ್ಯರ ಟ್ರ್ಯಾಕ್ಟರಿನ ಅಶ್ವಶಕ್ತಿ, ಕ್ಲಚ್ಚಿನ ವಿಧ, ಟಯರಿನ ಅಗಲ ಬರೆದುಕೊಳ್ಳಬೇಕು. ಒಂದೇ ಕ್ಲಚ್ಚಿನ ಟ್ರ್ಯಾಕ್ಟರಿಗೆ ಓವರ್‌ರನ್ ಕ್ಲಚ್ಚಿಲ್ಲದೆ ಯಂತ್ರ ಕೊಡಬಾರದು; ಈ ನಿಯಮದಲ್ಲಿ ಅಧ್ಯಕ್ಷರಿಗೂ ವಿನಾಯಿತಿ ಇರಬಾರದು, ಕಾರ್ಯದರ್ಶಿಗೂ ಇರಬಾರದು. ಟ್ರ್ಯಾಕ್ಟರಿನ ಮೇಲೆ ಕೂರುವವನು ಬಹಳ ಮನೆಗಳಲ್ಲಿ ಯಜಮಾನನಲ್ಲ, ಸಂಬಳಕ್ಕೆ ದುಡಿಯುವ ಹುಡುಗ. ಯಂತ್ರದ ಅಳತೆಯನ್ನು ನಿರ್ಧರಿಸುವವರು ನಾವು, ಅದರ ಫಲ ಉಣ್ಣುವವನು ಅವನು. ಈ ಒಂದು ಸಂಗತಿ ನೆನಪಿದ್ದರೆ ಉಳಿದ ನಿಯಮಗಳು ತಾವಾಗಿ ಹೊಳೆಯುತ್ತವೆ.

ಸ್ವಂತಕ್ಕೇ ಕೊಳ್ಳಬೇಕೆಂದಿರುವ ಸದಸ್ಯರು ಅಂಗಡಿಗೆ ಹೋಗುವ ಮುನ್ನ ಮೇಲೆ ಹೇಳಿದ ಲೆಕ್ಕಗಳನ್ನು ಮನೆಯಲ್ಲಿಯೇ ಹಾಕಿಕೊಂಡು, ಟ್ರ್ಯಾಕ್ಟರಿನ ಪುಸ್ತಕದೊಡನೆ ಕಚೇರಿಗೆ ಬಂದರೆ ಒಟ್ಟಿಗೆ ಕುಳಿತು ನೋಡೋಣ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ಒಪ್ಪುವವರೂ ಒಪ್ಪದವರೂ ಬಂದು ಮಾತನಾಡಬೇಕೆಂದು ಕೋರುತ್ತೇವೆ.